ಸೀಳುತುಟಿ ಎಡಗಡೆಗೇ ಯಾಕೆ ಜಾಸ್ತಿ? ಎಡ ಬಲ ಅಂತ ಏನಾದ್ರೂ ವ್ಯತ್ಯಾಸ ಇದ್ಯಾ?

ಇಬ್ಬನಿ_ಹನಿ:

ನೇರ ವಿಷಯಕ್ಕೆ ಬರ್ತೀನಿ. ಐದನೇ ತಿಂಗಳ ಸ್ಕ್ಯಾನಲ್ಲಿ ಮಗುಗೆ ಸೀಳುತುಟಿ ಇದೆ ಅಂತ ಗೊತ್ತಾಯ್ತು. ರಿಪೋರ್ಟಲ್ಲಿ ಎಡಗಡೆ, ಒಂದೇ ಪಕ್ಕ, ಅಂಗುಳ ಸರಿಯಾಗಿ ಕಾಣಿಸ್ಲಿಲ್ಲ ಅಂತ ಬರೆದಿದ್ದಾರೆ, ಉಳಿದಿದ್ದೆಲ್ಲ ನಾರ್ಮಲ್. ಡಾಕ್ಟ್ರು ಸಮಾಧಾನವಾಗೇ ಮಾತಾಡಿದ್ರು, ಆಪರೇಷನ್ ಮಾಡ್ತಾರೆ ಸರಿಹೋಗುತ್ತೆ ಅಂದ್ರು, ಆದ್ರೆ ಆಗ ನನಗೆ ಬಾಯೇ ಬರ್ಲಿಲ್ಲ, ಈಗ ರಾತ್ರಿಯೆಲ್ಲ ಪ್ರಶ್ನೆ.

ಮೊದಲ್ನೇದು, ಯಾಕೆ ಎಡಗಡೆ? ನೆಟ್ಟಲ್ಲಿ ನೋಡಿದ್ರೆ ಎಡಗಡೆದೇ ಜಾಸ್ತಿ ಅಂತ ಎಲ್ಲಾ ಕಡೆ ಬರುತ್ತೆ, ಯಾಕೆ ಅಂತ ಯಾರೂ ನೆಟ್ಟಗೆ ಹೇಳಲ್ಲ. ನಮ್ಮ ಮನೇಲಿ ಒಬ್ರು, ನೀನು ಯಾವಾಗ್ಲೂ ಎಡಮಗ್ಗುಲಲ್ಲೇ ಮಲಗ್ತಿದ್ಯಲ್ಲ ಅದಕ್ಕೇ ಒತ್ತು ಬಿದ್ದು ಹೀಗಾಗಿದೆ ಅಂದ್ಬಿಟ್ರು. ಅದು ಸುಳ್ಳು ಅಂತ ಒಂದ್ಮನಸ್ಸು ಹೇಳುತ್ತೆ, ಇನ್ನೊಂದ್ಮನಸ್ಸು ಕೇಳಲ್ಲ.

ಎರಡ್ನೇದು, ಎಡಗಡೆ ಆದ್ರೆ ಬಲಗಡೆಗಿಂತ ಕಷ್ಟನಾ ಸುಲಭನಾ? ಎಡಗಡೆ ಹಾರ್ಟ್ ಇರೋದ್ರಿಂದ ಹಾರ್ಟ್ ಪ್ರಾಬ್ಲಮ್ಮೂ ಜೊತೆಗೆ ಬರುತ್ತೆ ಅಂತ ಎಲ್ಲೋ ಒಂದು ಕಾಮೆಂಟ್ ಓದಿ ಹೊಟ್ಟೇಲಿ ಕಿವುಚಿದಂಗಾಯ್ತು.

ಮೂರ್ನೇದು ಸಣ್ಣ ವಿಷಯ ಅನ್ಸಬಹುದು, ಅವರು ಕೊಟ್ಟ ಮುಖದ ಫೋಟೋದಲ್ಲಿ ಸೀಳು ನನಗೆ ಕಾಣೋದು ಬಲಗಡೆಗೆ, ರಿಪೋರ್ಟಲ್ಲಿ ಎಡ ಅಂತಿದೆ. ತಪ್ಪು ಬರೆದಿದ್ದಾರಾ? ಇಷ್ಟನ್ನೇ ತಪ್ಪು ಬರೆದ್ರೆ ಉಳಿದಿದ್ದನ್ನ ಹೇಗೆ ನಂಬೋದು?

ಗೊತ್ತಿರೋರು ಹೇಳಿ, ಧೈರ್ಯ ಹೇಳೋದು ಬೇಡ, ವಿಷಯ ಹೇಳಿ ಸಾಕು.

ವಕ್ರದಂತ:

ನಾನು ಹಲ್ಲು ನೆಟ್ಟಗೆ ಮಾಡೋ ಡಾಕ್ಟ್ರು, ಕ್ಲೆಫ್ಟ್ ಅಂದ್ರೆ ತುಟಿ ಅಂಗುಳ ಸೀಳಿರೋ ಮಕ್ಕಳನ್ನ ದಿನಾ ನೋಡ್ತೀನಿ. ನಿಮ್ಮ ಮೂರನೇ ಪ್ರಶ್ನೆಗೆ ಮೊದಲು ಉತ್ತರ, ಅದೇ ಸುಲಭ.

ರಿಪೋರ್ಟ್ ಸರಿ ಇದೆ. ವೈದ್ಯದಲ್ಲಿ ಎಡ ಬಲ ಅಂದ್ರೆ ಯಾವತ್ತೂ ಮಗುವಿನ ಎಡ ಬಲ, ನೋಡೋರದ್ದಲ್ಲ. ಮಗು ನಿಮ್ಮ ಕಡೆ ಮುಖ ಮಾಡಿದ್ರೆ ಅದರ ಎಡಕೆನ್ನೆ ನಿಮ್ಮ ಬಲಗೈ ಕಡೆಗೆ ಬರುತ್ತೆ, ಹಾಗಾಗಿ ಎದುರಿಂದ ತೆಗೆದ ಮುಖದ ಚಿತ್ರದಲ್ಲಿ ಎಡಸೀಳು ನಿಮಗೆ ಬಲಕ್ಕೇ ಕಾಣ್ಬೇಕು. ಮಗು ಹುಟ್ಟಿದ್ಮೇಲೆ ಇನ್ನೊಂದು ಗೋಜಲು ಶುರುವಾಗುತ್ತೆ ನೋಡ್ತಿರಿ: ಕೆಲವು ಫೋನು ಮುಂದಿನ ಕ್ಯಾಮೆರಾದಲ್ಲಿ ತೆಗೆದ ಫೋಟೋನ ಕನ್ನಡಿ ಥರ ತಿರುಗಿಸಿ ಸೇವ್ ಮಾಡುತ್ತೆ, ಹಿಂದಿನ ಕ್ಯಾಮೆರಾದ್ದು ತಿರುಗಿಸಲ್ಲ. ಅಪ್ಪ ಅಮ್ಮ ಎರಡೂ ಥರದ ಫೋಟೋ ಕಳಿಸ್ತಾರೆ, ಒಂದರಲ್ಲಿ ಎಡಕ್ಕೆ ಒಂದರಲ್ಲಿ ಬಲಕ್ಕೆ. ಆಪರೇಷನ್‌ಗೆ ಮುಂಚೆ ಸರ್ಜನ್‌ಗೆ ಫೋಟೋ ಕಳಿಸೋದಿದ್ರೆ ಹಿಂದಿನ ಕ್ಯಾಮೆರಾದಲ್ಲೇ ತೆಗೀರಿ.

ಇದೇ ಗೋಜಲು ಆಗ್ಬಾರ್ದು ಅಂತಾನೇ ಕ್ಲೆಫ್ಟ್ ಟೀಮುಗಳು ಒಂದು ಕೋಡ್ ಬಳಸ್ತವೆ, ಲಾಹ್‌ಶಾಲ್ ಅಂತ, ಒಟ್ಟೋ ಕ್ರೀನ್ಸ್ ಅನ್ನೋರು 1989ರಲ್ಲಿ ತಂದಿದ್ದು. ಏಳು ಅಕ್ಷರ: ಎಲ್, ಎ, ಎಚ್, ಎಸ್, ಎಚ್, ಎ, ಎಲ್. ಮೊದಲ ಎಲ್ ಮಗುವಿನ ಬಲಗಡೆ ತುಟಿ, ಎ ಬಲಗಡೆ ಒಸಡಿನ ಮೂಳೆ, ಎಚ್ ಬಲಗಡೆ ಗಟ್ಟಿ ಅಂಗುಳ, ನಡುವಿನ ಎಸ್ ಮೆತ್ತನೆ ಅಂಗುಳ, ಆಮೇಲೆ ಅದೇ ಕ್ರಮ ತಿರುಗಿ ಎಡಗಡೆಗೆ. ಪೂರ್ತಿ ಸೀಳಿದ್ರೆ ದೊಡ್ಡಕ್ಷರ, ಅರ್ಧಂಬರ್ಧ ಆಗಿದ್ರೆ ಚಿಕ್ಕಕ್ಷರ, ಸೀಳೇ ಇಲ್ದಿದ್ರೆ ಖಾಲಿ ಅಥವಾ ಚುಕ್ಕೆ. ಅಂದ್ರೆ ಸಾಲಿನ ಬಲತುದಿಯಲ್ಲಿ ಒಂದೇ ಒಂದು ಚಿಕ್ಕ ಎಲ್ ಇದ್ರೆ ಎಡತುಟಿ ಮಾತ್ರ, ಅದೂ ಅಪೂರ್ಣ. ನಡುವಿಂದ ಬಲತುದಿವರೆಗೆ ನಾಲ್ಕೂ ದೊಡ್ಡಕ್ಷರ ಇದ್ರೆ ಎಡಗಡೆ ತುಟಿಯಿಂದ ಕಿರುನಾಲಿಗೆವರೆಗೆ ಪೂರ್ತಿ. ಹುಟ್ಟಿದ್ಮೇಲೆ ಫೈಲಲ್ಲಿ ಈ ಕೋಡ್ ಬರೆದಿದ್ರೆ ನೀವೇ ಓದ್ಕೋಬಹುದು. ಗಮನಿಸಿ, ನಡುವಿನ ಎಸ್‌ಗೆ ಎಡಾನೂ ಇಲ್ಲ ಬಲಾನೂ ಇಲ್ಲ, ಮೆತ್ತನೆ ಅಂಗುಳದ ಸೀಳು ಯಾವಾಗ್ಲೂ ನಟ್ಟನಡುವೆ.

ಎರಡನೇ ಪ್ರಶ್ನೆ. ಟ್ರೀಟ್‌ಮೆಂಟ್ ಲೆಕ್ಕದಲ್ಲಿ ಎಡ ಬಲ ಎರಡೂ ಒಂದೇ. ತುಟಿ ಹೊಲಿಯೋಕೆ ಮಿಲಾರ್ಡ್ ಅನ್ನೋ ಸರ್ಜನ್ 1950ರ ದಶಕದಲ್ಲಿ ತಂದ ರೊಟೇಷನ್ ಅಡ್ವಾನ್ಸ್‌ಮೆಂಟ್ ವಿಧಾನ ಇದೆ, ಆಮೇಲೆ ಬಂದ ಬೇರೆಬೇರೆ ಇವೆ, ಯಾವುದಾದ್ರೂ ಸರಿ, ಬಲಕ್ಕೆ ಮಾಡೋದನ್ನ ತಿರುಗಿಸಿ ಎಡಕ್ಕೆ ಮಾಡೋದು ಅಷ್ಟೇ. ನಿಜವಾಗಿ ಲೆಕ್ಕಕ್ಕೆ ಬರೋದು ಬೇರೆ ವಿಷಯ: ಸೀಳು ಮೂಗಿನ ಹೊಳ್ಳೆವರೆಗೆ ಹೋಗಿದೆಯಾ ಇಲ್ವಾ, ಒಸಡಿನ ಮೂಳೆ ಸೀಳಿದೆಯಾ, ಅಂಗುಳ ಸೇರಿದೆಯಾ, ಎಷ್ಟು ಅಗಲ ಇದೆ, ಒಂದೇ ಪಕ್ಕನಾ ಎರಡೂ ಪಕ್ಕನಾ. ಬರೀ ತುಟಿ ಆದ್ರೆ ದಾರಿ ಚಿಕ್ಕದು. ಅಂಗುಳನೂ ಸೇರಿದ್ರೆ ಹಾಲು ಕುಡಿಸೋದು, ಕಿವಿ, ಮಾತು, ಹಲ್ಲು ಎಲ್ಲದಕ್ಕೂ ಜನ ಬೇಕು, ವರ್ಷಗಟ್ಟಲೆ ಬೇಕು. ನಿಮ್ಮ ರಿಪೋರ್ಟಲ್ಲಿ ಚಿಂತೆ ಮಾಡೋದಿದ್ರೆ ಎಡ ಅನ್ನೋ ಪದದ ಬಗ್ಗೆ ಅಲ್ಲ, ಅಂಗುಳ ಕಾಣಿಸ್ಲಿಲ್ಲ ಅನ್ನೋ ಸಾಲಿನ ಬಗ್ಗೆ ಕೇಳಿ. ಸ್ಕ್ಯಾನಲ್ಲಿ ಅಂಗುಳ ನೋಡೋದು ಕಷ್ಟ, ಸುತ್ತಲಿನ ಮೂಳೆ ನೆರಳು ಹಾಕುತ್ತೆ, ನಾಲಿಗೆ ಅಡ್ಡ ಬರುತ್ತೆ, ಹಾಗಾಗಿ ಕಾಣಿಸ್ಲಿಲ್ಲ ಅಂದ್ರೆ ಸೀಳಿದೆ ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ.

ಹಾರ್ಟ್ ವಿಷಯ: ಸೀಳುತುಟಿ ಕಂಡ್ರೆ ಹಾರ್ಟನ್ನೂ ಕಿಡ್ನಿಯನ್ನೂ ಎಲ್ಲವನ್ನೂ ಒಂದ್ಸಲ ನೋಡ್ತಾರೆ, ಅದು ಎಡಕ್ಕಿದ್ರೂ ಬಲಕ್ಕಿದ್ರೂ ಮಾಡೋ ಕೆಲಸ. ಹಾರ್ಟ್ ಎಡಕ್ಕಿದೆ ತುಟಿ ಎಡಕ್ಕೆ ಸೀಳಿದೆ ಅಂತ ಎರಡನ್ನೂ ಗಂಟು ಹಾಕೋದು ಬರೀ ಊಹಾಪೋಹ. ಸೀಳುತುಟಿ ಇರೋ ಮಕ್ಕಳಲ್ಲಿ, ಅಂಗುಳ ಸೇರಿರಲಿ ಬಿಡಲಿ, ಸುಮಾರು 70% ಮಕ್ಕಳಿಗೆ ಬೇರೆ ಯಾವ ಸಿಂಡ್ರೋಮೂ, ಅಂದ್ರೆ ಹಲವು ತೊಂದರೆ ಒಟ್ಟಿಗೆ ಬರೋ ಸಮಸ್ಯೆ, ಇರಲ್ಲ.

ಯಾಕೆ ಎಡ ಅನ್ನೋದನ್ನ ಅನಾಟಮಿಯವರು ಯಾರಾದ್ರೂ ಹೇಳ್ಲಿ, ನಾನು ಕೈ ಹಾಕಲ್ಲ.

ಭ್ರೂಣಶಾಸ್ತ್ರದ_ಮೇಷ್ಟ್ರು:

ಕರೆದ್ರಲ್ಲ ಅಂತ ಬಂದೆ 😀 ಪಾಠ ಮಾಡಿ ಮಾಡಿ ಉದ್ದ ಬರೆಯೋದು ಚಟ, ಸಹಿಸ್ಕೊಳ್ಳಿ.

ಮೊದಲು ಮಗ್ಗುಲಿನ ಕಥೆ ಮುಗಿಸೋಣ. ಮುಖ ಅನ್ನೋದು ಒಂದೇ ತುಂಡಾಗಿ ಬೆಳೆಯಲ್ಲ, ಬೇರೆಬೇರೆ ಉಬ್ಬುಗಳು ಬಂದು ಕೂಡ್ಕೊಂಡು ಆಗೋದು. ಗರ್ಭ ಕಟ್ಟಿ 4ನೇ ವಾರದಲ್ಲಿ ಆ ಉಬ್ಬುಗಳು ಕಾಣಿಸ್ಕೊಳ್ತವೆ. ಮೂಗಿನ ಕಡೆಯಿಂದ ಇಳಿಯೋ ನಡುಉಬ್ಬಿಗೆ ಎರಡೂ ಪಕ್ಕದಿಂದ ಮೇಲ್ದವಡೆ ಉಬ್ಬುಗಳು ಬಂದು ಸೇರಿ, 7ನೇ ವಾರದ ಹೊತ್ತಿಗೆ ಮೇಲ್ತುಟಿ ಆಗೋಗಿರುತ್ತೆ. ಆಗ ಭ್ರೂಣ ತಲೆಯಿಂದ ಬುಡದವರೆಗೆ ಎರಡು ಸೆಂಟಿಮೀಟರೂ ಇರಲ್ಲ, ಸುತ್ತ ನೀರು, ಹೊಟ್ಟೆ ಹೊರಗೆ ಕಾಣೋಕೂ ಶುರುವಾಗಿರಲ್ಲ, ಎಷ್ಟೋ ಜನಕ್ಕೆ ಬಸುರಿ ಅನ್ನೋದೇ ಆಗಷ್ಟೇ ಗೊತ್ತಾಗಿರುತ್ತೆ. ನೀವು ಎಡಕ್ಕೆ ಮಲಗಿ ಬಲಕ್ಕೆ ಮಲಗಿ ಮಗುಚಿ ಮಲಗಿ, ಆ ಉಬ್ಬಿಗೆ ಒಂದು ಚೂರೂ ತಾಗಲ್ಲ. ಹೇಳಿದೋರಿಗೆ ಇದನ್ನೇ ಹೇಳಿ.

ಈಗ ಎಡ ಯಾಕೆ. ಒಂದೇ ಪಕ್ಕದ ಸೀಳುತುಟಿಯಲ್ಲಿ ಎಡ ಬಲ ಸುಮಾರು 2:1. ಎರಡೂ ಪಕ್ಕದ್ದೂ ಸೇರಿಸಿದ್ರೆ ಪುಸ್ತಕದಲ್ಲಿ ಹೇಳೋ ಲೆಕ್ಕ 6:3:1, ಅಂದ್ರೆ ಹತ್ತರಲ್ಲಿ ಆರು ಎಡ, ಮೂರು ಬಲ, ಒಂದು ಎರಡೂ ಕಡೆ. ಅಂಗುಳನೂ ಸೇರಿರೋ ಮಕ್ಕಳನ್ನ ಮಾತ್ರ ಎಣಿಸಿದ್ರೆ ಎರಡೂ ಪಕ್ಕದವರ ಪಾಲು ಏರುತ್ತೆ. ಸೀಳುತುಟಿ ಯಾವ ಜನಾಂಗದಲ್ಲಿ ಎಷ್ಟು ಅನ್ನೋದು ತುಂಬಾ ವ್ಯತ್ಯಾಸ ಆಗುತ್ತೆ, ಏಷ್ಯಾ ಮೂಲದವರಲ್ಲಿ ಜಾಸ್ತಿ ಆಫ್ರಿಕಾ ಮೂಲದವರಲ್ಲಿ ಕಮ್ಮಿ, ಆದ್ರೆ ಎಲ್ಲಿ ಎಣಿಸಿದ್ರೂ ಎಡದ ಕೈಯೇ ಮೇಲೆ. ಇದು ಕಾಕತಾಳೀಯ ಅಲ್ಲ ಅಂತ ಅದರಿಂದ್ಲೇ ಗೊತ್ತಾಗುತ್ತೆ. ಕಾರಣ ಮಾತ್ರ ಇನ್ನೂ ಯಾರಿಗೂ ಪಕ್ಕಾ ಆಗಿಲ್ಲ.

ಊಹೆಗಳಿವೆ. ಒಂದು ರಕ್ತದ ಊಹೆ: ತಲೆಯ ಬಲಭಾಗಕ್ಕೆ ಹೋಗೋ ರಕ್ತನಾಳ ಮಹಾಪಧಮನಿಯಿಂದ ಹೊರಡೋದು ಹೃದಯಕ್ಕೆ ಇನ್ನೂ ಹತ್ರದಲ್ಲಿ, ಹಾಗಾಗಿ ಬಲಕ್ಕೆ ಸ್ವಲ್ಪ ಚೆನ್ನಾಗಿ ರಕ್ತ ಸಿಗಬಹುದು ಅಂತ. ಕೇಳೋಕೆ ಚೆನ್ನಾಗಿದೆ, ತೋರಿಸಿದೋರಿಲ್ಲ, ನನಗಂತೂ ಅಷ್ಟು ರುಚಿಸಲ್ಲ.

ಇನ್ನೊಂದು ಸಮಯದ ಊಹೆ, ಇದರ ಹಿಂದೆ ಕಣ್ಣಿಗೆ ಕಂಡಿದ್ದು ಏನೋ ಇದೆ. ಅಂಗುಳ ಆಗೋದು ಎರಡು ಹಲಗೆಗಳಿಂದ. ಮೊದಲು ಅವು ನಾಲಿಗೆಯ ಎರಡೂ ಪಕ್ಕ ಕೆಳಗೆ ಜೋತುಬಿದ್ದಿರ್ತವೆ, 7–8ನೇ ವಾರದಲ್ಲಿ ನಾಲಿಗೆ ಕೆಳಗಿಳಿದಾಗ ಮೇಲಕ್ಕೆ ಎದ್ದು ಅಡ್ಡಲಾಗಿ, ಎರಡು ರೆಕ್ಕೆಯ ಬಾಗಿಲು ಮುಚ್ಚಿದಂಗೆ ನಡುವೆ ಬಂದು ಸೇರ್ತವೆ, 12ನೇ ವಾರದ ಹೊತ್ತಿಗೆ ಹಿಂದಿನ ಕಿರುನಾಲಿಗೆವರೆಗೂ ಕೂಡ್ಕೊಂಡಿರುತ್ತೆ. ಮನುಷ್ಯ ಭ್ರೂಣಗಳನ್ನ ಮೈಕ್ರೋಸ್ಕೋಪಲ್ಲಿ ನೋಡಿದವರು ಬಲಗಡೆ ಹಲಗೆ ಮೊದಲು ಏಳುತ್ತೆ, ಎಡದ್ದು ಸ್ವಲ್ಪ ಹಿಂದೆ ಅಂತ ಬರೆದಿದ್ದಾರೆ. ಎಡಗಡೆ ತಡ ಆದ್ರೆ ಅಷ್ಟೂ ಹೊತ್ತು ಎಡಗಡೆಗೆ ಅಪಾಯ ತೆರೆದಿರುತ್ತೆ ಅನ್ನೋದು ವಾದ. ತಡ ಆದ್ರೆ ಅಪಾಯ ಜಾಸ್ತಿ ಅನ್ನೋದಕ್ಕೆ ಇನ್ನೊಂದು ಸಾಕ್ಷಿ ಹೆಣ್ಣುಮಕ್ಕಳಲ್ಲಿದೆ. ಹೆಣ್ಣು ಭ್ರೂಣದಲ್ಲಿ ಅಂಗುಳ ಮುಚ್ಚೋದು ಗಂಡಿಗಿಂತ ಸುಮಾರು ಒಂದು ವಾರ ಲೇಟು, ಬರೀ ಅಂಗುಳ ಮಾತ್ರ ಸೀಳಿರೋದು ಹೆಣ್ಣುಮಕ್ಕಳಲ್ಲೇ ಜಾಸ್ತಿ. ತುಟಿ ಸೀಳಿರೋದು ಉಲ್ಟಾ, ಗಂಡುಮಕ್ಕಳಲ್ಲಿ ಸುಮಾರು ಎರಡರಷ್ಟು. ಆದ್ರೂ ಅಂಗುಳದಲ್ಲಿ ಕಂಡಿದ್ದನ್ನ ತುಟಿಗೂ ಹಂಗೇ ಹಚ್ಚೋಕಾಗುತ್ತಾ ಅನ್ನೋದು ಬೇರೆ ಪ್ರಶ್ನೆ, ಎರಡೂ ಬೇರೆಬೇರೆ ವಾರದ ಕೆಲಸ.

ಮೂರನೇದು ಜೀನ್. ದೇಹಕ್ಕೆ ಯಾವುದು ಎಡ ಅಂತ ತೀರಾ ಮೊದಲೇ ಗೊತ್ತಾಗುತ್ತೆ, ನೋಡಲ್, ಲೆಫ್ಟಿ, ಪಿಟ್ಎಕ್ಸ್2 ಅನ್ನೋ ಜೀನುಗಳು ಎಡಗಡೆ ಮಾತ್ರ ಆನ್ ಆಗ್ತವೆ, ಅದರಿಂದ್ಲೇ ಹೃದಯ, ಲಿವರ್, ಕರುಳು ಎಲ್ಲಾ ತಮ್ಮತಮ್ಮ ಪಕ್ಕಕ್ಕೆ ಸರಿಯೋದು. ಮುಖ ಹೊರಗಿಂದ ಸಮ ಅನ್ಸುತ್ತೆ, ಒಳಗೆ ಆ ಎಡಬಲದ ಗುರುತು ಸ್ವಲ್ಪ ಉಳಿದಿರಬಹುದು. ಹಾರ್ಟ್ ಕಾಮೆಂಟ್ ಬರೆದವರು ಬಹುಶಃ ಇಂಥದ್ದೇನೋ ಓದಿ ತಿರುಚಿರ್ಬೇಕು. ಎರಡಕ್ಕೂ ಹಿಂದೆ ಒಂದೇ ವ್ಯವಸ್ಥೆ ಇರಬಹುದು ಅನ್ನೋದಕ್ಕೂ, ಒಂದು ಇದ್ರೆ ಇನ್ನೊಂದು ಬಂದೇ ಬರುತ್ತೆ ಅನ್ನೋದಕ್ಕೂ ತುಂಬಾ ದೂರ.

ಪಕ್ಕ ಹಿಡಿಯೋ ತೊಂದರೆ ಇದೊಂದೇ ಅಲ್ಲ ಅನ್ನೋದೂ ಗೊತ್ತಿರ್ಲಿ. ಕಿವಿಯ ಆಲೆ ಸರಿಯಾಗಿ ಬೆಳೆಯದೆ ಇರೋ ಮೈಕ್ರೋಟಿಯಾ ಬಲಗಡೆ ಜಾಸ್ತಿ. ವಪೆ ಅಂದ್ರೆ ಎದೆಗೂ ಹೊಟ್ಟೆಗೂ ನಡುವಿನ ಪರದೆಯಲ್ಲಿ ತೂತಾಗಿ ಕರುಳು ಎದೆಗೆ ನುಗ್ಗೋ ಹರ್ನಿಯಾ 80% ಮೇಲೆ ಎಡಕ್ಕೆ. ಸೊಂಟದ ಕೀಲು ಜಾರೋದು ಎಡಕ್ಕೆ ಜಾಸ್ತಿ, ಅದಕ್ಕೆ ಮಗು ಹೊಟ್ಟೇಲಿ ಕೂರೋ ಭಂಗಿ ಕಾರಣ ಅಂತಾರೆ, ಅಲ್ಲಿ ಒತ್ತಡದ ಮಾತು ಸರಿಹೊಂದುತ್ತೆ ಯಾಕಂದ್ರೆ ಅದು ಕೊನೇ ತಿಂಗಳುಗಳ ಕಥೆ. ತುಟಿದು ಅಲ್ಲ.

ಬಲಮೀಸೆ:

ನಾನು ಬಲಗಡೆ ಪಾರ್ಟಿ, ತುಟಿ ಒಸಡು ಅಂಗುಳ ಮೂರೂ. ಅಂದ್ರೆ ಹತ್ತರಲ್ಲಿ ಮೂರು ಜನದ ಗುಂಪು, ಮೇಷ್ಟ್ರೇ ಸರಿಯಾಗಿ ಹೇಳಿದೀರಿ, ನಾವು ಅಲ್ಪಸಂಖ್ಯಾತರು 😄

ಇದೇ ಮುಖದ ಜೊತೆ ಇಷ್ಟು ವರ್ಷ ಕಳೆದೋನು ಹೇಳ್ತೀನಿ ಕೇಳಿ, ಎಡ ಬಲ ಅನ್ನೋದು ದೊಡ್ಡ ವಿಷಯಕ್ಕೆ ಯಾವುದಕ್ಕೂ ಅಡ್ಡ ಬರ್ಲಿಲ್ಲ, ಸಣ್ಣಸಣ್ಣದಕ್ಕೆ ಬರುತ್ತೆ. ಮೂಗು ತಗೊಳ್ಳಿ. ನನ್ನ ಸೀಳು ಬಲಕ್ಕೆ, ಆದ್ರೆ ಮೂಗಿನ ತುದಿ ವಾಲಿರೋದು ಎಡಕ್ಕೆ. ಚಿಕ್ಕೋನಿದ್ದಾಗ ಇದು ನನಗೆ ತಲೆಬುಡ ಅರ್ಥ ಆಗ್ತಿರ್ಲಿಲ್ಲ. ಆಮೇಲೆ ಸರ್ಜನ್ ವಿವರ್ಸಿದ್ರು, ಸೀಳಿಲ್ಲದ ಪಕ್ಕದ ಸ್ನಾಯು ಎಳ್ಕೊಳುತ್ತೆ, ಈಕಡೆಯಿಂದ ತಡಿಯೋಕೆ ಏನೂ ಇರಲ್ಲ, ಹಾಗಾಗಿ ಮೂಗಿನ ನಡುಗೋಡೆಯ ಮುಂದಿನ ತುದಿ ಸೀಳಿಲ್ಲದ ಕಡೆಗೆ ಹೋಗುತ್ತೆ, ಸೀಳಿನ ಕಡೆ ಹೊಳ್ಳೆ ಚಪ್ಪಟೆಯಾಗಿ ಹೊರಕ್ಕೆ ಕೆಳಕ್ಕೆ ಜಾರುತ್ತೆ. ಇನ್ನೂ ಒಳಗೆ ಹೋದ್ರೆ ಅದೇ ಗೋಡೆ ತಿರುಗಿ ಸೀಳಿನ ಕಡೆಗೆ ಉಬ್ಬುತ್ತೆ. ಅದಕ್ಕೇ ನೆಗಡಿ ಆದ್ರೆ ಮೊದಲು ಕಟ್ಟೋದು ನನ್ನ ಬಲಹೊಳ್ಳೆ, ಎಡಸೀಳಿನವರಿಗೆ ಎಡದ್ದು.

ಹಲ್ಲು. ಸೀಳಿನ ಪಕ್ಕದ ಬಾಚಿಹಲ್ಲು, ಮುಂದಿನ ದೊಡ್ಡೆರಡರ ಪಕ್ಕದ್ದು, ನನಗೆ ಬಲಗಡೆ ಹುಟ್ಲೇ ಇಲ್ಲ. ಎಷ್ಟೋ ಜನಕ್ಕೆ ಹೀಗೇ, ಇನ್ನು ಕೆಲವರಿಗೆ ಅದೇ ಜಾಗದಲ್ಲಿ ಎಕ್ಸ್‌ಟ್ರಾ ಒಂದು ಪುಟ್ಟ ಮೊಳೆ ಥರ ಬರುತ್ತೆ. ಎಡಗಡೆ ಹಲ್ಲಿನ ಸಾಲು ನನಗೆ ಯಾರ ಬಾಯಿಗೂ ಕಮ್ಮಿ ಇಲ್ಲ.

ಮೀಸೆ ಬಿಟ್ಟಿದೀನಿ, ಗಾಯದ ಗೆರೆ ಮೇಲೆ ಕೂದಲು ಬರಲ್ಲ ಹಾಗಾಗಿ ಬಲಕ್ಕೆ ಒಂದು ಸಣ್ಣ ಗ್ಯಾಪು. ಬಾಚೋಕೆ ಒಂದು ಸ್ಟೈಲ್ ಕಂಡ್ಕೊಂಡಿದೀನಿ, ಅಷ್ಟೇ.

ಕಿವಿ ಮಾತ್ರ ಪಕ್ಕ ನೋಡಲ್ಲ ಮರೀಬೇಡಿ. ಸೀಳು ಬಲಕ್ಕೆ ಅಂತ ಬಲಗಿವಿ ಮಾತ್ರ ಚೆಕ್ ಮಾಡಿಸ್ತಿದ್ರು ನಮ್ಮನೇಲಿ, ಎರಡೂ ಕಿವಿಯಲ್ಲೂ ನೀರು ತುಂಬಿತ್ತು.

ಇಬ್ಬನಿ_ಹನಿ:

ಓದ್ತಾ ಓದ್ತಾ ಮೂರನೇ ಸಲ ಓದ್ದೆ. ಮಗ್ಗುಲಿನ ಉತ್ತರನ ಫೋನಲ್ಲೇ ತೋರಿಸ್ದೆ ಹೇಳಿದೋರಿಗೆ, ಸುಮ್ನಾದ್ರು.

ಇನ್ನೆರಡು ಕೇಳ್ಲಾ. ಬಲಮೀಸೆ ಅವರೆ, ಕಿವಿಗೂ ತುಟಿಗೂ ಏನು ಸಂಬಂಧ? ಮತ್ತೆ ನಮಗೆ ಇದು ಮೊದಲ ಮಗು, ಎರಡನೇದಕ್ಕೂ ಬರುತ್ತಾ, ಬಂದ್ರೆ ಅದೂ ಎಡಗಡೆಗೇ ಬರುತ್ತಾ? ಹಾಲು ಕುಡಿಸೋವಾಗ ಯಾವ ಪಕ್ಕ ಹಿಡೀಬೇಕು ಅಂತಲೂ ಯಾರಾದ್ರೂ ಹೇಳಿ. ಎಡಗೈಯೋರಿಗೂ ಇದಕ್ಕೂ ಸಂಬಂಧ ಇದೆ ಅಂತಲೂ ಒಂದು ಕಡೆ ಓದಿದೆ, ನನ್ನ ಗಂಡ ಎಡಗೈಯವರು, ಅದನ್ನೂ ಹೇಳ್ಬಿಡಿ.

ಭ್ರೂಣಶಾಸ್ತ್ರದ_ಮೇಷ್ಟ್ರು:

ಕಿವಿಗೆ ತುಟಿ ಸಂಬಂಧ ಇಲ್ಲ, ಅಂಗುಳದ ಸಂಬಂಧ. ಮಧ್ಯಕಿವಿಯಿಂದ ಗಂಟಲಿಗೆ ಒಂದು ಸಣ್ಣ ನಾಳ ಇದೆ, ಯೂಸ್ಟೇಷಿಯನ್ ಟ್ಯೂಬ್. ಅದನ್ನ ತೆರೆಯೋ ಸ್ನಾಯು ಮೆತ್ತನೆ ಅಂಗುಳದ್ದು. ಅಂಗುಳ ಸೀಳಿದ್ರೆ ಎರಡೂ ಪಕ್ಕದ ಸ್ನಾಯು ನಡುವೆ ಕೂಡ್ಕೊಳಲ್ಲ, ಎಳೆಯೋಕೆ ಹಿಡಿತ ಸಿಗಲ್ಲ, ನಾಳ ತೆರೆಯಲ್ಲ, ಒಳಗೆ ನೀರು ನಿಲ್ಲುತ್ತೆ. ಮೆತ್ತನೆ ಅಂಗುಳಕ್ಕೆ ಪಕ್ಕ ಇಲ್ಲ ಅಂದ್ರಲ್ಲ ಮೇಲೆ, ಅದಕ್ಕೇ ಎರಡೂ ಕಿವಿ. ಮಾತು ಮೂಗಿಂದ ಬರೋದೂ ಇದೇ ಸ್ನಾಯುಗಳ ವಿಷಯ, ಅಲ್ಲೂ ಎಡ ಬಲ ಇಲ್ಲ. ನಿಮ್ಮ ಮಗುಗೆ ಬರೀ ತುಟಿ ಆದ್ರೆ ಈ ಪ್ಯಾರಾ ಪೂರ್ತಿ ಮರೆತುಬಿಡಿ.

ಎರಡನೇ ಮಗು: ಅಪ್ಪ ಅಮ್ಮಗೆ ಇಲ್ದೆ ಒಂದು ಮಗುಗೆ ಬಂದಿದ್ರೆ ಮುಂದಿನದಕ್ಕೆ ಬರೋ ಸಾಧ್ಯತೆ ಸುಮಾರು 4%. ಯಾವ ತೊಂದರೆನೂ ಇಲ್ಲದ ಮನೆಗೆ ಹೋಲಿಸಿದ್ರೆ ಜಾಸ್ತೀನೇ, ಆದ್ರೆ 96% ಬರಲ್ಲ ಅಂತಲೂ ಓದ್ಕೋಬಹುದು. ಎರಡೂ ಪಕ್ಕ ಸೀಳಿದ್ರೆ ಒಂದೇ ಪಕ್ಕದ್ದಕ್ಕಿಂತ ಈ ಅಂಕಿ ಸ್ವಲ್ಪ ಏರುತ್ತೆ. ಕೆಳತುಟಿಯಲ್ಲಿ ಎರಡು ಸಣ್ಣ ಗುಳಿ ಇರೋ ವಾನ್ ಡರ್ ವೂಡ್ ಅಂತ ಒಂದು ಸಿಂಡ್ರೋಮ್ ಇದೆ, ಐಆರ್‌ಎಫ್6 ಜೀನಿನದ್ದು, ಅದು ಅಪ್ಪ ಅಮ್ಮಲ್ಲಿ ಒಬ್ಬರಿಗಿದ್ರೆ ಲೆಕ್ಕವೇ ಬೇರೆ, ಆ ಜೀನ್ ಮಗುಗೆ ಇಳಿಯೋ ಸಾಧ್ಯತೆ ಅರ್ಧಕ್ಕರ್ಧ. ನಿಮ್ಮಿಬ್ಬರ ಕೆಳತುಟೀಲಿ ಅಂಥ ಗುಳಿ ಇದೆಯಾ ಅಂತ ಕನ್ನಡಿ ಮುಂದೆ ನೋಡ್ಕೊಳ್ಳಿ, ಜೆನೆಟಿಕ್ ಕೌನ್ಸೆಲರೂ ಅದನ್ನ ನೋಡ್ತಾರೆ.

ಪಕ್ಕ ಮಾತ್ರ ವಂಶದಲ್ಲಿ ಇಳಿಯಲ್ಲ. ಒಂದೇ ಮನೇಲಿ ಒಬ್ಬರಿಗೆ ಎಡ ಇನ್ನೊಬ್ಬರಿಗೆ ಬಲ ಇರುತ್ತೆ. ಒಂದೇ ತತ್ತಿಯ ಅವಳಿಗಳಲ್ಲೂ ಒಬ್ಬರಿಗಿದ್ರೆ ಇನ್ನೊಬ್ಬರಿಗೂ ಇರೋದು ಸುಮಾರು 40ರಿಂದ 60% ಅಷ್ಟೇ, ಜೀನೆಲ್ಲ ಒಂದೇ ಆಗಿದ್ರೂ. ಸೀಳಾಗುತ್ತಾ ಇಲ್ವಾ ಅನ್ನೋದೇ ಜೀನಿನ ಜೊತೆ ಬೇರೆ ಏನೇನೋ ಸೇರಿ ಆಗೋದು: ತಾಯಿ ಸಿಗರೇಟು, ವಾಲ್‌ಪ್ರೋಯೇಟ್‌ನಂಥ ಕೆಲವು ಫಿಟ್ಸ್ ಮಾತ್ರೆ, ಮೊದಲೇ ಇದ್ದ ಶುಗರ್, ಮತ್ತೆ ಬರೀ ಅದೃಷ್ಟದಾಟ. ಮುಂದಿನ ಸಲಕ್ಕೆ ಫೋಲಿಕ್ ಆಸಿಡ್ ಗರ್ಭ ನಿಲ್ಲೋಕೆ ಮುಂಚಿನಿಂದ್ಲೇ ತಗೋಬೇಕು, ಗೊತ್ತಾದ್ಮೇಲೆ ಶುರು ಮಾಡಿದ್ರೆ ತುಟಿಯ ವಾರಗಳು ಕಳೆದೋಗಿರ್ತವೆ, ಡೋಸ್ ನಿಮ್ಮ ಡಾಕ್ಟ್ರು ಹೇಳ್ಲಿ. ತಗೊಂಡ್ರೆ ಬರೋದೇ ಇಲ್ಲ ಅಂತ ಗ್ಯಾರಂಟಿ ಯಾರೂ ಕೊಡಲ್ಲ.

ಎಡಗೈ ಸಂಬಂಧ: ಸೀಳುತುಟಿ ಇರೋ ಮಕ್ಕಳಲ್ಲಿ ಎಡಗೈಯೋರು ಸ್ವಲ್ಪ ಜಾಸ್ತಿ, ಎಡಸೀಳಿನವರಲ್ಲಿ ಇನ್ನೂ ಸ್ವಲ್ಪ ಅಂತ ಕೆಲವು ಅಧ್ಯಯನ ಹೇಳಿವೆ, ಅಂಥದ್ದೇನೂ ಕಾಣಿಸ್ಲಿಲ್ಲ ಅಂತ ಬೇರೆಯವು ಹೇಳಿವೆ. ಅವೆಲ್ಲ ಮಕ್ಕಳ ಕೈಬಳಕೆ ಬಗ್ಗೆ, ಅಪ್ಪನ ಕೈ ಬಗ್ಗೆ ಅಲ್ಲ. ನಿಮ್ಮ ಗಂಡನ್ನ ಬಿಟ್ಬಿಡಿ ಪಾಪ.

ಹಾಲೂಡಿಕೆ_ಅಕ್ಕ:

ನಾನು ನವಜಾತ ಮಕ್ಕಳ ವಾರ್ಡಲ್ಲಿ ನರ್ಸು, ಹಾಲಿನ ವಿಷಯ ನನಗೆ ಬಿಡಿ.

ಬರೀ ತುಟಿ ಸೀಳಿದ್ರೆ ಎದೆಹಾಲು ಕುಡಿಯೋಕೆ ಬಹುತೇಕ ಮಕ್ಕಳಿಗೆ ಆಗುತ್ತೆ. ಬಾಯಿ ಸುತ್ತ ಗಾಳಿ ಹೋಗದಂಗೆ ಮುಚ್ಚಿದ್ರೆ ಸಾಕು, ಸೀಳಿನ ಗ್ಯಾಪಿಗೆ ಎದೆಯ ಮಾಂಸವೇ ತುಂಬ್ಕೊಳ್ಳುತ್ತೆ, ಇಲ್ಲಾಂದ್ರೆ ನಿಮ್ಮ ಹೆಬ್ಬೆರಳನ್ನ ಅಲ್ಲಿ ಮೆಲ್ಲಗೆ ಒತ್ತಿ ಹಿಡೀರಿ. ಇಲ್ಲಿ ಪಕ್ಕ ನಿಜವಾಗ್ಲೂ ಲೆಕ್ಕಕ್ಕೆ ಬರುತ್ತೆ. ಎಡಸೀಳಿದ್ರೆ ಮೊಲೆತೊಟ್ಟನ್ನ ಮಗುವಿನ ಬಾಯಿಯ ಬಲಭಾಗಕ್ಕೆ, ಅಂದ್ರೆ ಸೀಳಿಲ್ಲದ ಗಟ್ಟಿ ಒಸಡಿನ ಕಡೆಗೆ ತಿರುಗಿಸಿ, ಅಲ್ಲಿ ಒತ್ತೋಕೆ ಆಧಾರ ಸಿಗುತ್ತೆ. ಒಂದು ಎದೆಯಲ್ಲಿ ಮಾಮೂಲಿ ಥರ ಅಡ್ಡ ಹಿಡಿದ್ರೆ ಸರಿಹೋಗುತ್ತೆ, ಇನ್ನೊಂದರಲ್ಲಿ ಮಗುವಿನ ಕಾಲು ನಿಮ್ಮ ಕಂಕುಳ ಕೆಳಗೆ ಹಿಂದಕ್ಕೆ ಹೋಗೋ ಥರ ಹಿಡಿದ್ರೆ ಮುಖದ ಕೋನ ಅದೇ ಉಳಿಯುತ್ತೆ. ಯಾವ ಎದೆಗೆ ಯಾವುದು ಅಂತ ಈಗ್ಲೇ ಬಾಯಿಪಾಠ ಮಾಡ್ಬೇಡಿ, ಮಗು ಕೈಗೆ ಬಂದ್ಮೇಲೆ ಎರಡೂ ಮಾಡಿ ನೋಡಿದ್ರೆ ಅದೇ ಹೇಳುತ್ತೆ.

ಅಂಗುಳ ಸೀಳಿದ್ರೆ ಆಟ ಬೇರೆ. ಬಾಯೊಳಗೆ ಮೂಗಿನಿಂದ ಗಾಳಿ ಬರ್ತಾನೇ ಇರುತ್ತೆ, ಎಳೆಯೋ ಶಕ್ತಿ ಹುಟ್ಟೋದೇ ಇಲ್ಲ. ಮಗು ಚೀಪುತ್ತೆ, ಶಬ್ದಾನೂ ಬರುತ್ತೆ, ಗಂಟೆಗಟ್ಟಲೆ ಎದೆ ಬಿಡಲ್ಲ, ಹೊಟ್ಟೆಗೆ ಮಾತ್ರ ಏನೂ ಹೋಗಿರಲ್ಲ, ತೂಕ ಇಳೀತಾ ಹೋಗುತ್ತೆ. ಇದನ್ನ ನೋಡಿ ನೋಡಿ ನನಗೆ ಸಿಟ್ಟು ಬರುತ್ತೆ, ಯಾಕಂದ್ರೆ ಮೊದಲ ದಿನವೇ ಹೇಳಿದ್ರೆ ಮುಗಿಯೋ ವಿಷಯ. ಎದೆಹಾಲು ಹಿಂಡಿ ಒತ್ತೋ ಬಾಟಲಲ್ಲಿ ಕೊಡಿ, ಮಗು ಎಳೆಯೋ ಬದಲು ನೀವು ಅದರ ಚೀಪೋ ತಾಳಕ್ಕೆ ಸರಿಯಾಗಿ ಒತ್ತೋದು. ಮಲಗಿಸಿ ಕೊಡ್ಬೇಡಿ, ಕೂತಂಗೆ ಎತ್ತಿ ಹಿಡೀರಿ, ಹಾಲು ಮೂಗಿಗೆ ಹತ್ತೋದು ಕಮ್ಮಿಯಾಗುತ್ತೆ. ಗಾಳಿ ತುಂಬಾ ನುಂಗುತ್ತೆ ಹಾಗಾಗಿ ನಡುನಡುವೆ ತೇಗಿಸಿ. ಒಂದು ಸಲಕ್ಕೆ ಅರ್ಧ ಗಂಟೆ ಮೇಲೆ ಎಳೀಬೇಡಿ, ಕುಡಿದಿದ್ದನ್ನೆಲ್ಲ ಕುಡಿಯೋ ಕೆಲಸಕ್ಕೇ ಖರ್ಚು ಮಾಡುತ್ತೆ. ಮೂಗಿಂದ ಹಾಲು ಬಂದ್ರೆ ಗಾಬರಿ ಬೇಡ, ನಿಲ್ಲಿಸಿ ಒರೆಸಿ ಮತ್ತೆ ಶುರು ಮಾಡಿ. ಕುಡಿಯೋವಾಗ ಮೈ ನೀಲಿ ಆದ್ರೆ ಅಥವಾ ಪ್ರತಿ ಸಲ ಕೆಮ್ಮಿದ್ರೆ ಮಾತ್ರ ತಕ್ಷಣ ತೋರಿಸಿ.

ತೂಕ ಯಾಕೆ ಮುಖ್ಯ ಅಂದ್ರೆ ಆಪರೇಷನ್ನಿಗೆ ಅನಸ್ತೇಶಿಯಾ ತಡ್ಕೋಬೇಕಲ್ಲ. ಹತ್ತರ ನಿಯಮ ಅಂತ ಹಳೇದೊಂದಿದೆ: 10 ವಾರ ವಯಸ್ಸು, 10 ಪೌಂಡ್ ಅಂದ್ರೆ ಸುಮಾರು ನಾಲ್ಕೂವರೆ ಕೆಜಿ, ಹಿಮೋಗ್ಲೋಬಿನ್ 10.

ವಕ್ರದಂತ:

ಅಕ್ಕ ಹೇಳಿದ್ದಕ್ಕೆ ಸೇರಿಸ್ತೀನಿ. ತುಟಿ ಸಾಮಾನ್ಯವಾಗಿ 3ರಿಂದ 6 ತಿಂಗಳಲ್ಲಿ, ಅಂಗುಳ ಇದ್ರೆ 9ರಿಂದ 18 ತಿಂಗಳ ನಡುವೆ, ಮಾತು ಕಟ್ಟೋಕೆ ಶುರು ಮಾಡೋ ಹೊತ್ತಿಗೆ. ಒಸಡಿನ ಮೂಳೆ ಸೀಳಿದ್ರೆ 8–11 ವರ್ಷಕ್ಕೆ ಸೊಂಟದ ಮೂಳೆಯಿಂದ ಸ್ವಲ್ಪ ತೆಗೆದು ತುಂಬ್ತಾರೆ. ಅಲ್ಲಿ ಎಡಸೀಳಿನ ಮಗುಗೆ ಎಡಗಡೆ ಕೋರೆಹಲ್ಲೇ ನಮ್ಮ ಗಡಿಯಾರ, ಅದು ಇಳಿಯೋಕೆ ಮುಂಚೆ ಮೂಳೆ ಇರ್ಬೇಕು, ಇಲ್ಲಾಂದ್ರೆ ಹಲ್ಲಿಗೆ ಇಳಿಯೋಕೆ ನೆಲವೇ ಇರಲ್ಲ. ಎಕ್ಸ್‌ರೇಲಿ ಆ ಒಂದು ಹಲ್ಲಿನ ಬೇರು ಎಷ್ಟು ಬೆಳೆದಿದೆ ಅಂತ ಅಳೆದೇ ದಿನ ಗೊತ್ತು ಮಾಡೋದು. ಇನ್ನೊಂದು ಪಕ್ಕದ ಕೋರೆಹಲ್ಲು ಅಷ್ಟೊತ್ತಿಗೆ ಬಂದಿದ್ರೂ ಅದನ್ನ ನೋಡಿ ಲೆಕ್ಕ ಹಾಕ್ಬಾರ್ದು, ಸೀಳಿನ ಪಕ್ಕದ ಹಲ್ಲು ತಡ ಮಾಡೋದೇ ಹೆಚ್ಚು.

ಈಗ ಅಂಗುಳದ ವಿಷಯ, ನೀವು ಹೆರಿಗೆ ದಿನ ಕೇಳ್ಬೇಕಾಗಿರೋದು. ಬೆರಳು ಹಾಕಿ ಸವರಿ ಅಂಗುಳ ಸರಿ ಇದೆ ಅಂದ್ರೆ ಒಪ್ಕೋಬೇಡಿ, ಟಾರ್ಚ್ ಹಾಕಿ ನಾಲಿಗೆ ಒತ್ತಿ ಕಿರುನಾಲಿಗೆವರೆಗೂ ಕಣ್ಣಲ್ಲಿ ನೋಡಿ ಅನ್ನಿ. ಮೆತ್ತನೆ ಅಂಗುಳದ ಹಿಂತುದಿಯಲ್ಲಿ ಮಾತ್ರ ಸೀಳಿದ್ರೆ ಬೆರಳಿಗೆ ಸಿಗೋದೇ ಇಲ್ಲ. ಇನ್ನೊಂದು ಥರ ಇದೆ, ಮೇಲಿನ ಪೊರೆ ಕೂಡಿರುತ್ತೆ ಒಳಗಿನ ಸ್ನಾಯು ಮಾತ್ರ ಸೀಳಿರುತ್ತೆ. ಅದಕ್ಕೆ ಗುರುತು ಮೂರು: ಕಿರುನಾಲಿಗೆ ಎರಡಾಗಿ ಕವಲೊಡೆದಿರುತ್ತೆ, ನಡುವೆ ಪೊರೆ ತೆಳ್ಳಗೆ ನೀಲಿಯಾಗಿ ಕಾಣುತ್ತೆ, ಗಟ್ಟಿ ಅಂಗುಳದ ಹಿಂಬದಿ ಅಂಚಲ್ಲಿ ಮೂಳೆಗೆ ಒಂದು ಕಚ್ಚು ಇರುತ್ತೆ, ಈ ಕಚ್ಚು ಮಾತ್ರ ಬೆರಳಿಗೆ ಸಿಗೋದು. ಮೂರರಲ್ಲಿ ಯಾವುದು ಕಂಡ್ರೂ, ಅಥವಾ ಏನೂ ಕಾಣದೆ ಹಾಲು ಪದೇಪದೇ ಮೂಗಿಂದ ಬರ್ತಿದ್ರೂ, ತುಟಿಗೆ ದಿನ ಗೊತ್ತು ಮಾಡೋಕೆ ಮುಂಚೆ ಕ್ಲೆಫ್ಟ್ ಟೀಮಿಗೆ ಹೇಳಿ, ಕಿವಿ ಟೆಸ್ಟೂ ಬರೆಸ್ಕೊಳ್ಳಿ.